ಹಳೆಯ ಎಂಪಿಎಫ್‌ಐ ಕಾರಿನ ಎಂಜಿನ್ ಮುಗ್ಗರಿಸಿದಾಗ

ಹದಿನೈದು ವರ್ಷ ದಾಟಿದ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಪ್ರತ್ಯೇಕವಾಗಿ ಇಂಧನ ಚಿಮ್ಮಿಸುವ ವ್ಯವಸ್ಥೆಯ) ಪೆಟ್ರೋಲ್ ಕಾರು ಐಡಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡುವಾಗ, ನಡುಗತೊಡಗಿದರೆ, ಪರೀಕ್ಷಿಸದೆಯೇ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬದಲಿಸಲು ಹೊರಡುವುದು ದುಬಾರಿ ಆತುರವೆಂದೇ ನನ್ನ ಅಭಿಪ್ರಾಯ. ಮೊದಲು ಏರ್ ಫಿಲ್ಟರ್ ಹಾಗೂ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೋಡಬೇಕು. ಪ್ಲಗ್ಗಿನ ತುದಿಯಲ್ಲಿ ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಅಗತ್ಯಕ್ಕಿಂತ ಹೆಚ್ಚು ಸೇರುತ್ತಿರುವ ಸಾಧ್ಯತೆಯಿದೆ.

ಬಳಿಕ ವ್ಯಾಕ್ಯೂಮ್ ಹೋಸ್‌ಗಳ, ಅಂದರೆ ಎಂಜಿನ್ನಿನ ಹೀರುವಿಕೆಯನ್ನು ಬೇರೆ ಭಾಗಗಳಿಗೆ ಒಯ್ಯುವ ರಬ್ಬರ್ ಕೊಳವೆಗಳ, ಸರದಿ. ವರ್ಷಗಟ್ಟಲೆ ಶಾಖಕ್ಕೆ ಬೆಂದ ರಬ್ಬರು ಗಡುಸಾಗಿ, ಕಣ್ಣಿಗೆ ಸುಲಭವಾಗಿ ಕಾಣದ ಬಿರುಕುಗಳಿಂದ ಗಾಳಿ ಒಳನುಗ್ಗುವುದರಿಂದ, ಎಂಜಿನ್ ಚಾಲನೆಯಲ್ಲಿರುವಾಗ ಬೆಲ್ಟ್ ಮತ್ತು ಫ್ಯಾನಿನಿಂದ ಕೈ ದೂರವಿಟ್ಟು 'ಸುಸ್' ಎಂಬ ಸದ್ದಿಗೆ ಕಿವಿಗೊಡಬೇಕು. ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯಲ್ಲಿ ಕಟ್ಟಿದ ಕಪ್ಪು ಜಿಡ್ಡನ್ನು ಅದಕ್ಕೆಂದೇ ಸಿಗುವ ಕ್ಲೀನರಿನಿಂದ ಒರೆಸಿದರೆ ಐಡಲಿಂಗ್ ಎಷ್ಟೋ ಬಾರಿ ತಾನಾಗಿಯೇ ಸರಿಹೋಗುತ್ತದೆ.

ಬಿಸಿಯಾದ ಮೇಲೂ ಕಪ್ಪು ಹೊಗೆ ಬರುತ್ತಿದ್ದು ಮೈಲೇಜ್ ಕುಸಿದಿದ್ದರೆ, ಎಂಜಿನ್ ತಂಪಾಗಿಸುವ ದ್ರವದ ಬಿಸಿಯನ್ನು ಅಳೆಯುವ ಕೂಲೆಂಟ್ ಟೆಂಪರೇಚರ್ ಸೆನ್ಸರನ್ನು ಮಲ್ಟಿಮೀಟರಿನಿಂದ ಅಳೆಯಬೇಕು. ಹಲವು ಕಾರುಗಳಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2,500 ಓಮ್ ಇರುವ ಅದರ ವಿದ್ಯುತ್ ರೋಧ, 80 ಡಿಗ್ರಿಗೆ 300ರ ಆಸುಪಾಸಿಗೆ ಇಳಿಯುತ್ತದೆ. ಇಳಿಯದಿದ್ದರೆ ಎಂಜಿನ್ ಇನ್ನೂ ತಣ್ಣಗಿದೆಯೆಂದು ತಿಳಿದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಏರುದಾರಿಯಲ್ಲಿ ಮಾತ್ರ ಎಳೆತ ಕುಂದುತ್ತಿದ್ದರೆ ಫ್ಯೂಯಲ್ ಫಿಲ್ಟರ್ ಮತ್ತು ಪಂಪಿನ ಒತ್ತಡವನ್ನು ನೋಡಬೇಕು. ಪೈಪ್ ಬಿಚ್ಚುವ ಮುನ್ನ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಒತ್ತಡವನ್ನು ಇಳಿಸಿಕೊಳ್ಳುವುದು ಕಡ್ಡಾಯ.