ಹಲಸಿನ ಮರದಡಿ ಏರುಮಡಿ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಹಿತ್ತಿಲಲ್ಲಿ ದೊಡ್ಡ ಹಲಸಿನ ಮರ. ಅದರಡಿ ಬದನೆ, ಬೆಂಡೆ ಆಗುವ ಮಾತೇ ಇಲ್ಲ. ಮೊದಲ ವರ್ಷ ನೆಲದಲ್ಲೇ ಬಿಗೋನಿಯಾ, ಕ್ಯಾಲೇಡಿಯಂ, ಕೆಸು ನೆಟ್ಟೆ. ಜೋರು ಮಳೆಯ ಆಟಿ ತಿಂಗಳು ಮುಗಿಯುವಾಗ ಕೆಸು ಒಂದೇ ಉಳಿದದ್ದು. ಅದಕ್ಕೆ ಕೆಸರೇ ಬೇಕಲ್ವಾ! ಮಳೆ ನಿಂತರೂ ಮರ ಹನಿಸುತ್ತಲೇ ಇರುತ್ತದೆ, ಮಣ್ಣು ಆರುವುದೇ ಇಲ್ಲ.

ದನದ ಹಟ್ಟಿ ಕಟ್ಟಿ ಉಳಿದ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಇತ್ತು. ಅದನ್ನೇ ಸುತ್ತ ಇಟ್ಟು, ನೆಲಕ್ಕಿಂತ ಎತ್ತರಕ್ಕೆ ಮಣ್ಣು ತುಂಬಿಸಿ ಏರುಮಡಿ ಮಾಡುವಾ ಅಂತ ಹೊರಟೆ. ಲಾರಿಯವರು ಚೆಂಗಲ್ಲು ಅನ್ನುತ್ತಾರೆ, ಕಲ್ಲು ಒಂದೇ. 15 ಇಂಚು ಉದ್ದ, 9 ಅಗಲ, 7 ದಪ್ಪ. ಉದ್ದದ ಬದಿಗೆ 6, ಗಿಡ್ಡ ಬದಿಗೆ 2, ಅಂದರೆ ಒಂದು ಸಾಲಿಗೆ 16. ಎರಡು ಸಾಲಿಗೆ 32. ಹೊರಗಿನಿಂದ ಏಳೂವರೆ ಅಡಿ ಬಂತು, ಒಳಗೆ ಅಳೆದರೆ ಆರೇ ಅಡಿ! ಕಲ್ಲಿನ ಅಗಲ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸಂದಿನ ಮೇಲೆ ಸಂದು ಬರಬಾರದು ಅಂತ ಮೇಲಿನ ಸಾಲಿಗೆ ನಾಲ್ಕು ಕಲ್ಲು ಅರ್ಧ ಮಾಡಿದೆ. ಸಿಮೆಂಟ್ ಹಾಕಲಿಲ್ಲ, ನೀರು ಸಂದಿಯಿಂದ ಹೋಗಬೇಕು.

ಅಮ್ಮ ಬಂದು ನೋಡಿ, "ಇದೆಂತದು, ನಾಗನಕಟ್ಟೆಯಾ?" ಅಂದರು.

ಮಡಿಯನ್ನು ಮರದಿಂದ ನಾಲ್ಕು ಅಡಿ ದೂರ ಇಟ್ಟೆ. ಬುಡಕ್ಕೆ ತಾಗಿಸಿ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತದೆ. ಅಡಿಗೆ ತೆಂಗಿನ ಸಿಪ್ಪೆ. ತೆಂಗಿನ ಬುಡಕ್ಕಾದರೆ ನೀರು ಹಿಡಿಯಲಿ ಅಂತ ಅಂಗಾತ ಇಡುತ್ತೇವೆ. ಇಲ್ಲಿ ಕವುಚಿ ಹಾಕಿದೆ. ಅದರ ಮೇಲೆ ಎರಡು ಬುಟ್ಟಿ ತೋಟದ ಮಣ್ಣಿಗೆ ಒಂದು ಬುಟ್ಟಿ ಸುಡುಮಣ್ಣು, ಒಂದು ಬುಟ್ಟಿ ಹಳೇ ಹಟ್ಟಿಗೊಬ್ಬರ. ಕಲ್ಲಿನ ಮಟ್ಟಕ್ಕಿಂತ ಮೇಲೆಯೇ ತುಂಬಿಸಿದ್ದೆ, ಒಂದು ಮಳೆಗಾಲಕ್ಕೆ ನಾಲ್ಕು ಬೆರಳು ಇಳಿಯಿತು. ಮರದ ಹನಿ ಮಣ್ಣಲ್ಲಿ ಗುಳಿ ತೋಡುತ್ತದೆ, ಹಾಗಾಗಿ ಮೇಲೆ ತರಗೆಲೆ ಹೊದಿಸಿದೆ.

ಆ ಮಳೆಗೆ ಒಂದು ಗಿಡವೂ ಕೊಳೆಯಲಿಲ್ಲ. ಖುಷಿಯಲ್ಲಿದ್ದೆ. ಬೇಸಿಗೆಯಲ್ಲಿ ಮಾತ್ರ ಎಷ್ಟು ನೀರು ಹಾಕಿದರೂ ಸಂಜೆಗೆ ಎಲೆ ಜೋತು ಬೀಳುತ್ತಿತ್ತು. ಒಂದು ಬಿಗೋನಿಯಾ ಕಿತ್ತು ಕೈ ಹಾಕಿದೆ. ಒಳಗೆಲ್ಲ ಹಲಸಿನ ಬೇರು, ಕೂದಲಿನ ಹಾಗೆ ಹೆಣೆದುಕೊಂಡಿತ್ತು! ಸಿಪ್ಪೆಯ ನಾರಿನೊಳಗೂ ನುಗ್ಗಿತ್ತು. ನಾನು ಗೊಬ್ಬರ ಹಾಕಿದ್ದು ಮರಕ್ಕೆ.

ಈಗ ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಮಣ್ಣು ಬಿಡಿಸಿ, ಮಡಿಯೊಳಗಿನ ಸಣ್ಣ ಬೇರುಗಳನ್ನಷ್ಟೇ ಕತ್ತರಿಸುತ್ತೇನೆ. ಅರ್ಧ ದಿನದ ಕೆಲಸ. ಕೆಳಗಿನ ದಪ್ಪ ಬೇರಿಗೆ ಕತ್ತಿ ತಾಗಿಸುವುದಿಲ್ಲ. ಕ್ಯಾಲೇಡಿಯಂ ಚಳಿಗಾಲದಲ್ಲಿ ಮಲಗಿ, ಮಳೆಗೆ ಏಳುತ್ತದೆ. ಕಲ್ಲಿನ ಮೈಮೇಲೆ ನಾನು ನೆಡದ ಜರಿಗಿಡ ಬಂದಿದೆ. ಮೂಲೆಯಲ್ಲಿ ಸುಮ್ನೆ ಊರಿದ ಒಂದೆಲಗ ಕಲ್ಲು ದಾಟಿ ಕೆಳಗಿಳಿದಿದೆ, ವಾರಕ್ಕೆ ಎರಡು ಸಲ ತಂಬುಳಿ.