ಜೈಲಿನಿಂದ ಬಂದ ಮೇಲೆ ಕೆಲಸ: ಮಂಗಳೂರು, ಉಡುಪಿಯಲ್ಲಿ ಎಲ್ಲಿಂದ ಶುರು ಮಾಡುವುದು

ಕೊಡಿಯಾಲಬೈಲಿನ ಜೈಲಾಗಲಿ, ಹಿರಿಯಡ್ಕದ್ದಾಗಲಿ, ಗೇಟು ದಾಟುವ ಮೊದಲು ನೀವು ಒಪ್ಪಿಸಿದ್ದ ಪರ್ಸು, ಫೋನು, ಕಾರ್ಡುಗಳನ್ನು ರಿಜಿಸ್ಟರಿನೊಂದಿಗೆ ತಾಳೆ ನೋಡಿ ತಗೊಳ್ಳಿ. ಒಳಗೆ ದುಡಿದ ಕೂಲಿ ಬಾಕಿಯಿದ್ದರೆ ಅಲ್ಲೇ ಕೇಳಿ. ಬಿಡುಗಡೆ ಪತ್ರವನ್ನು ಜೆರಾಕ್ಸ್ ಮಾಡಿಸಿಡಿ.

ಕೆಲಸಕ್ಕಿಂತ ಮೊದಲು ಸಿಮ್. ರೀಚಾರ್ಜ್ ಇಲ್ಲದೆ ಬಿದ್ದಿದ್ದ ನಂಬರು ಬೇರೆಯವರ ಪಾಲಾಗಿದ್ದರೆ ಆಧಾರ್ ಒಟಿಪಿಯೂ ಅವರಿಗೇ ಹೋಗುತ್ತದೆ. ಆಧಾರ್ ಕೇಂದ್ರಕ್ಕೆ ಹೋಗಿ ನಂಬರು ಬದಲಿಸಿ. ಎರಡು ವರ್ಷ ಮುಟ್ಟದ ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿರುತ್ತದೆ, ಕೆವೈಸಿ ಕೊಟ್ಟರೆ ಮತ್ತೆ ಚಾಲೂ ಮಾಡುತ್ತಾರೆ.

ಜಾಮೀನಿನ ಮೇಲೆ ಬಂದವರು ಷರತ್ತಿನ ಹಾಳೆಯನ್ನು ಇನ್ನೊಮ್ಮೆ ಓದಿ. ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ ಹಾಕಬೇಕಿದ್ದರೆ ಮಲ್ಪೆಯ ಆಳಸಮುದ್ರದ ಬೋಟು ಹತ್ತಬೇಡಿ. ಹೋದರೆ ವಾರ, ಹತ್ತು ದಿನ ದಡ ಸಿಗುವುದಿಲ್ಲ. ಸಹಿ ತಪ್ಪಿದರೆ ಜಾಮೀನಿಗೇ ಕುತ್ತು. ಅದರ ಬದಲು ಧಕ್ಕೆಯಲ್ಲಿ ಮೀನು ಇಳಿಸುವ, ಐಸ್ ತುಂಬುವ, ಬಲೆ ರಿಪೇರಿಯ ಕೆಲಸ ಕೇಳಿ, ಅದೂ ನಸುಕಿಗೇ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ, ಆಗ ಧಕ್ಕೆಗೆ ಅಲೆದು ಪ್ರಯೋಜನವಿಲ್ಲ. ಆದರೆ ಅಡಿಕೆ ತೋಟಗಳಲ್ಲಿ ಅದೇ ಮದ್ದು ಬಿಡುವ ಹೊತ್ತು. ಮರ ಹತ್ತಲು ಬಾರದಿದ್ದರೂ ಪೈಪ್ ಎಳೆಯಲು, ಬೋರ್ಡೋ (ಮೈಲುತುತ್ತು, ಸುಣ್ಣದ ಮದ್ದು) ಕದಡಲು ಜನ ಬೇಕು.

ಸೆಕ್ಯುರಿಟಿ ಕೆಲಸಕ್ಕೆ ಓಡಬೇಡಿ. ಶಿಕ್ಷೆಯಾದವರನ್ನು ಗಾರ್ಡ್ ಆಗಿ ಇಟ್ಟುಕೊಳ್ಳಲು ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳ 2005ರ ಕಾಯಿದೆ ಬಿಡುವುದಿಲ್ಲ. ಗಲ್ಫ್ ವೀಸಾ ಕೊಡಿಸುತ್ತೇನೆಂದು ಮುಂಗಡ ಕೇಳುವ ಏಜೆಂಟರನ್ನಂತೂ ದೂರವಿಡಿ. ಕೇಸು ನಡೆಯುತ್ತಿದ್ದರೆ ಕೋರ್ಟಿನ ಅನುಮತಿಯಿಲ್ಲದೆ ಹೊರಡುವ ಹಾಗಿಲ್ಲ.

ಧಣಿಗೆ ಹೇಳಬೇಕೋ? ಫೋನಿನಲ್ಲಿ ಬೇಡ, ಕೆಲಸಕ್ಕೆ ಸೇರುವ ಮೊದಲು ಎದುರು ನಿಂತು ಹೇಳಿ. ನಮ್ಮೂರಲ್ಲಿ ಸುದ್ದಿ ಎಕ್ಸ್‌ಪ್ರೆಸ್ ಬಸ್ಸಿಗಿಂತ ಮೊದಲೇ ತಲುಪುತ್ತದೆ, ಮೂರನೆಯವರ ಬಾಯಲ್ಲಿ ಅದು ದುಪ್ಪಟ್ಟಾಗಿರುತ್ತದೆ. "ಒಂದು ಕೇಸಿನಲ್ಲಿ ಎರಡು ವರ್ಷ ಒಳಗಿದ್ದೆ, ಈಗ ಬಿಡುಗಡೆಯಾಗಿದೆ. ವೆಲ್ಡಿಂಗ್ ಬರುತ್ತದೆ. ಒಂದು ವಾರ ದಿನಗೂಲಿಗೆ ಇಟ್ಟು ನೋಡಿ, ಆಮೇಲೆ ಸಂಬಳ ಮಾತಾಡುವ." ಇಷ್ಟು ಸಾಕು. ಕೇಸಿನ ಪುರಾಣ, ಯಾರದು ತಪ್ಪು ಎಂಬ ವಾದ ಶುರುವಾದರೆ ಕೆಲಸದ ಮಾತು ಅಲ್ಲಿಗೇ ನಿಲ್ಲುತ್ತದೆ. ದಿನಗೂಲಿ ಎಂದೇ ಹೇಳಿ, ಇಲ್ಲವಾದರೆ ಆ ವಾರ ಪುಕ್ಕಟೆ ದುಡಿಸಿಕೊಳ್ಳುವವರೂ ಇದ್ದಾರೆ. ಲಿಖಿತ ಅರ್ಜಿಯಲ್ಲಿ ಕೇಸಿನ ಬಗ್ಗೆ ಕೇಳಿದ್ದರೆ ಮುಚ್ಚಿಡಬೇಡಿ, ಆಮೇಲೆ ಮುಚ್ಚಿಟ್ಟದ್ದೇ ವಜಾಕ್ಕೆ ಕಾರಣವಾಗುತ್ತದೆ.

ಕೈಯಲ್ಲಿ ಕಸುಬಿಲ್ಲದವರಿಗೆ ಉಜಿರೆಯ ರುಡ್‌ಸೆಟ್ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಇದೆ. ಮೇಸ್ತ್ರಿಯ ಜೊತೆ ಸೈಟಿಗೆ ಹೋಗುವವರು ತಾರೀಕು, ಜಾಗ, ಕೂಲಿಯನ್ನು ಸಣ್ಣ ಪುಸ್ತಕದಲ್ಲಿ ಬರೆದಿಡಿ: ವರ್ಷದಲ್ಲಿ 90 ದಿನ ತುಂಬಿದರೆ ಕಟ್ಟಡ ಕಾರ್ಮಿಕರ ಕಾರ್ಡಿಗೆ ಅರ್ಜಿ ಹಾಕಬಹುದು.