ಬಾಯಿ ಕ್ಯಾನ್ಸರ್: ಸ್ಕ್ಯಾನ್‌ಗೆ ಮಲಗುವ ಮುನ್ನ ಕೆನ್ನೆ ಉಬ್ಬಿಸಲು ಕಲಿಯಿರಿ

ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಮನೆಯವರು ಕೇಳುವುದು, ‘ಎಷ್ಟನೇ ಸ್ಟೇಜು ಸರ್?’ ಉತ್ತರದ ಬಹುಪಾಲು ಸ್ಕ್ಯಾನ್‌ನಲ್ಲಿರುತ್ತದೆ. ಅವಸರದಲ್ಲಿ ಹೇಗೋ ತೆಗೆಸಿದ ಸ್ಕ್ಯಾನ್ ಹಿಡಿದು ಬರುವವರನ್ನು ರೇಡಿಯಾಲಜಿ ವಿಭಾಗದಲ್ಲಿ ನೋಡುತ್ತಲೇ ಇರುತ್ತೇನೆ. ಮತ್ತೆ ತೆಗೆಸಬೇಕು ಎಂದಾಗ ದುಡ್ಡಿನ ಜೊತೆ ದಿನಗಳೂ ಹೋಗುತ್ತವೆ.

ಯಾವ ಸ್ಕ್ಯಾನ್? ಕೆನ್ನೆ, ವಸಡಿನ ಗಡ್ಡೆಗೆ ಡೈ ಕೊಟ್ಟು ತೆಗೆಯುವ ಸಿ.ಟಿ. ನಾಲಿಗೆಯದಾದರೆ ಎಂಆರ್‌ಐ. ದವಡೆ ಮೂಳೆಯ ಹೊರಪದರ ಸವೆದಿದ್ದರೆ ಸಿ.ಟಿ.ಯಲ್ಲಿ ಚೆನ್ನಾಗಿ ಕಾಣುತ್ತದೆ. ಮಜ್ಜೆಗೆ ಇಳಿದಿದೆಯೇ, ನರದ ಗುಂಟ ಹತ್ತಿದೆಯೇ ಎಂಬುದು ಎಂಆರ್‌ಐನಲ್ಲಿ. ಬರೀ ಮುಖದ ಸ್ಕ್ಯಾನ್ ಸಾಲದು. ತಲೆಬುರುಡೆಯ ತಳದಿಂದ ಕೊರಳ ಮೂಳೆಯವರೆಗೂ (ಕಾಲರ್ ಬೋನ್) ಬರಬೇಕು.

ಯಾವಾಗ? ಸಾಧ್ಯವಾದರೆ ಬಯಾಪ್ಸಿಗೆ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಮೊದಲು. ಅಲುಗಾಡುವ ಹಲ್ಲು ಕೀಳಿಸುವುದಕ್ಕೂ ಮೊದಲು. ಆಮೇಲೆ ಬರುವ ಬಾವು ಗಡ್ಡೆಯಂತೆಯೇ ಕಂಡು ಅಳತೆ ಕೆಡಿಸುತ್ತದೆ, ಕುತ್ತಿಗೆಯ ದುಗ್ಧರಸ ಗ್ರಂಥಿಗಳೂ (ಲಿಂಫ್ ನೋಡ್) ಊದಿಕೊಳ್ಳುತ್ತವೆ. ಬಯಾಪ್ಸಿ ಆಗಿಹೋಗಿದ್ದರೆ ತಾರೀಕನ್ನು ತಪ್ಪದೆ ಹೇಳಿ. ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ಜೊತೆಗಿರಲಿ. ಡೈ ಅಲರ್ಜಿ, ಶುಗರ್ ಮಾತ್ರೆಯ ವಿಷಯವನ್ನೂ ಮೊದಲೇ ತಿಳಿಸಿ.

ಕೆನ್ನೆ ಉಬ್ಬಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮಲ್ಲಿ ಹೊಗೆಸೊಪ್ಪು, ಗುಟ್ಕಾ ಒತ್ತಿಟ್ಟುಕೊಳ್ಳುವುದು ಕೆನ್ನೆ–ವಸಡಿನ ಸಂದಿಯಲ್ಲಿ. ಗಡ್ಡೆ ಏಳುವುದೂ ಅಲ್ಲೇ. ಬಾಯಿ ಸುಮ್ಮನೆ ಮುಚ್ಚಿ ಮಲಗಿದರೆ ಕೆನ್ನೆಯ ಒಳಪದರ ವಸಡಿಗೆ ಅಂಟಿಕೊಂಡು, ಗಡ್ಡೆ ಎರಡರಲ್ಲಿ ಯಾವುದರದು ಎಂದೇ ತಿಳಿಯುವುದಿಲ್ಲ. ನಡುವೆ ಗಾಳಿ ತುಂಬಿದರೆ ಎರಡೂ ಬೇರೆಯಾಗುತ್ತವೆ. ಚಿತ್ರದಲ್ಲಿ ಗಾಳಿ ಕಪ್ಪಗೆ ಕಾಣುವುದರಿಂದ ಗಡ್ಡೆಯ ಅಂಚು ಎದ್ದು ತೋರುತ್ತದೆ. ದವಡೆ ಕತ್ತರಿಸಬೇಕೋ ಉಳಿಸಬಹುದೋ ಎಂದು ಸರ್ಜನ್ ಯೋಚಿಸುವಾಗ ಈ ಅಂಚು ಬಹಳ ಮುಖ್ಯ.

ಹಿಂದಿನ ದಿನವೇ ಕನ್ನಡಿ ಮುಂದೆ ಅಭ್ಯಾಸ ಮಾಡಿ. ಕಟ್ಟುಹಲ್ಲು ತೆಗೆದು, ಬಾಯಿ ಮುಕ್ಕಳಿಸಿ, ತುಟಿ ಬಿಗಿಯಾಗಿ ಮುಚ್ಚಿ. ಬಲೂನು ಊದುವವರಂತೆ ಎರಡೂ ಕೆನ್ನೆ ಉಬ್ಬಿಸಿ. ನೋವಿರುವ ಕೆನ್ನೆಯನ್ನು ಬಿಗಿಹಿಡಿದರೆ ಗಾಳಿ ಇನ್ನೊಂದು ಬದಿಗೆ ಓಡುತ್ತದೆ, ಆದರೆ ನಮಗೆ ಬೇಕಾದದ್ದು ನೋವಿರುವ ಬದಿಯೇ. ನಾಲಿಗೆ ಸಡಿಲವಾಗಿರಲಿ. ಹಾಗೇ ಅಲ್ಲಾಡದೆ, ನುಂಗದೆ ಇಪ್ಪತ್ತು ಎಣಿಸುವಷ್ಟು ಹೊತ್ತು ಇರಲು ಬಂದರೆ ಸಾಕು. ಮಲಗಿಕೊಂಡೂ ಮಾಡಿನೋಡಿ, ಕೂತಾಗ ಬಂದದ್ದು ಮಲಗಿದಾಗ ತಪ್ಪಿಹೋಗುತ್ತದೆ. ಗುಟ್ಕಾದಿಂದ ಬಾಯಿಯೇ ತೆರೆಯದಂತೆ ಬಿಗಿದುಹೋದವರಿಗೆ ಉಬ್ಬಿಸಲು ಆಗುವುದಿಲ್ಲ. ಸಂದಿಯಲ್ಲಿ ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಇಡಲು ಆಗುತ್ತದೆಯೇ ಎಂದು ಕೇಳಿ. ಟೆಕ್ನಿಷಿಯನ್ ತಾವಾಗಿ ಹೇಳದಿದ್ದರೆ ನೀವೇ ಕೇಳಿ: ‘ಕೆನ್ನೆ ಉಬ್ಬಿಸಿ ತೆಗೀತೀರಾ ಸರ್?’ ಇದಕ್ಕೆ ಸಂಕೋಚ ಬೇಡ.

ರಿಪೋರ್ಟ್‌ನಲ್ಲಿ ಏನಿರಬೇಕು? ಗಡ್ಡೆಯ ಅಗಲದ ಜೊತೆ ಆಳವೂ. ಸ್ಟೇಜಿನಲ್ಲಿ ಗಡ್ಡೆಯ ಮಟ್ಟವನ್ನು ‘ಟಿ’ ಎಂದು ಬರೆಯುತ್ತಾರೆ: ಅಗಲ 2 ಸೆಂ.ಮೀ. ಮೀರದೆ ಆಳವೂ 5 ಮಿ.ಮೀ. ದಾಟದಿದ್ದರೆ ಟಿ1, ಅಗಲ 2 ಸೆಂ.ಮೀ. ದಾಟಿ ಆಳವೂ 10 ಮಿ.ಮೀ. ಮೀರಿದರೆ ಕನಿಷ್ಠ ಟಿ3. ಕುತ್ತಿಗೆಯ ಗ್ರಂಥಿ ಗುಂಡಗಾಗಿದ್ದರೆ, ನಡುಭಾಗ ಕೊಳೆತಂತೆ ಕಂಡರೆ, 1 ಸೆಂ.ಮೀ. ದಾಟಿದ್ದರೆ ಅನುಮಾನ. ಅನುಮಾನವಿದ್ದಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಪರೀಕ್ಷೆ ಮಾಡುತ್ತಾರೆ. ಸ್ಕ್ಯಾನ್‌ನಲ್ಲಿ ಕುತ್ತಿಗೆ ಶುಭ್ರವಾಗಿದೆ ಎಂದ ಮಾತ್ರಕ್ಕೆ ಕುತ್ತಿಗೆಯ ಆಪರೇಷನ್ ಬೇಡ ಎನ್ನಬೇಡಿ. ಗ್ರಂಥಿಗೆ ಇಳಿದ ಕ್ಯಾನ್ಸರ್‌ನ ತೀರಾ ಸಣ್ಣ ಬೀಜ ಯಾವ ಯಂತ್ರಕ್ಕೂ ಕಾಣದು. ಆರಂಭದ ಹಂತದ ಬಾಯಿ ಕ್ಯಾನ್ಸರ್‌ನಲ್ಲಿ ಗ್ರಂಥಿಗಳನ್ನು ಮೊದಲೇ ತೆಗೆಸಿಕೊಂಡವರಲ್ಲಿ ಹೆಚ್ಚು ಮಂದಿ ಬದುಕುಳಿದರು ಎಂದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಧ್ಯಯನ 2015ರಲ್ಲೇ ತೋರಿಸಿದೆ.

ಪೆಟ್ ಸ್ಕ್ಯಾನ್ (ಇಂಜೆಕ್ಷನ್‌ನಲ್ಲಿ ಕೊಟ್ಟ ಸಕ್ಕರೆಯಂಥ ವಸ್ತುವನ್ನು ಹೆಚ್ಚು ಹೀರಿಕೊಂಡ ಜಾಗ ಹೊಳೆದು ಕಾಣುವ ಸ್ಕ್ಯಾನ್) ಎಲ್ಲರಿಗೂ ಬೇಡ. ಸಣ್ಣ ಗಡ್ಡೆಗೆ ಅದನ್ನು ಒತ್ತಾಯಿಸಿ ಬರೆಸಿಕೊಳ್ಳಬೇಡಿ. ಮುಂದುವರಿದ ಹಂತದಲ್ಲಿ, ದೂರಕ್ಕೆ ಹರಡಿದ ಸಂಶಯವಿದ್ದಾಗ ಉಪಯೋಗ. ನಾಲ್ಕರಿಂದ ಆರು ಗಂಟೆ ಉಪವಾಸ, ಶುಗರ್ 200ರೊಳಗೆ. ಇಂಜೆಕ್ಷನ್ ಕೊಟ್ಟ ಮೇಲೆ ಸುಮಾರು ಒಂದು ಗಂಟೆ ಮಾತಾಡಬಾರದು, ಏನನ್ನೂ ಅಗಿಯಬಾರದು, ಫೋನ್ ಕೂಡ ಬೇಡ. ಮಾತಾಡಿದರೆ ಗಂಟಲಿನ ಸ್ನಾಯುಗಳೇ ಹೊಳೆದು ದಾರಿ ತಪ್ಪಿಸುತ್ತವೆ. ಟಿ.ಬಿ. ಗ್ರಂಥಿಯೂ ಹಾಗೇ ಹೊಳೆಯುತ್ತದೆ, ಹಾಗಾಗಿ ಹೊಳೆದದ್ದೆಲ್ಲ ಕ್ಯಾನ್ಸರ್ ಎಂದು ಎದೆಗುಂದಬೇಡಿ. ಅಂದ ಹಾಗೆ, ಲ್ಯಾಬ್‌ಗಳು ಮಾರುವ ‘ಕ್ಯಾನ್ಸರ್ ಮಾರ್ಕರ್’ ರಕ್ತಪರೀಕ್ಷೆಯ ಪ್ಯಾಕೇಜ್‌ಗೆ ದುಡ್ಡು ಹಾಕಬೇಡಿ. ಬಾಯಿ ಕ್ಯಾನ್ಸರ್ ಎಲ್ಲಿಯವರೆಗೆ ಹರಡಿದೆ ಎಂದು ಅವು ಹೇಳಲಾರವು.

ಹೊರಡುವಾಗ ಸಿ.ಡಿ. ಕೇಳಿ ಪಡೆಯಿರಿ. ಕಾಗದದ ಮೇಲೆ ಅಚ್ಚು ಹಾಕಿದ ಚಿತ್ರ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊ ನೋಡಿ ಆಳ ಅಳೆಯಲು ಬರುವುದಿಲ್ಲ. ರೇಡಿಯೇಷನ್, ಕಿಮೊ ಮುಗಿದ ಮೇಲಿನ ಪೆಟ್ ಸ್ಕ್ಯಾನ್‌ಗೆ 12 ವಾರ ಕಾಯಿರಿ; ಅದಕ್ಕೂ ಮೊದಲು ತೆಗೆಸಿದರೆ ಚಿಕಿತ್ಸೆಯ ಉರಿಯೂತವೇ ಉಳಿದ ಗಡ್ಡೆಯಂತೆ ಕಾಣಬಹುದು. ನಡುವೆ ಹೊಸ ಗಂಟು ಕೈಗೆ ಸಿಕ್ಕರೆ ಮಾತ್ರ ಅಷ್ಟು ದಿನ ಕಾಯದೆ ಡಾಕ್ಟರಿಗೆ ತೋರಿಸಿ.